ರಾತ್ರಿ ನೆನೆಹಾಕಿದ ಕಾಳು: ಶಿಫ್ಟ್ ಕೆಲಸದ ಮನೆಯೊಂದರಲ್ಲಿ ಅಡುಗೆಗೆ ಸಮಯ ಸಿಕ್ಕ ಬಗೆ

ಇದು ನಮ್ಮ ಮನೆಯದೇ ಪ್ರಕರಣ. ಹನ್ನೆರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಹಾಗೆ ಗಂಡ ಹೆಂಡತಿ ಇಬ್ಬರೂ ದುಡಿಯುವ, ಅಡುಗೆಯವರನ್ನು ಇಟ್ಟುಕೊಳ್ಳುವಷ್ಟು ಸಂಬಳವಿಲ್ಲದ ಮನೆಗಳು ತುಂಬಾ ಇವೆ. ಅವರಿಗೆ ಇದರಲ್ಲಿ ಏನಾದರೂ ಸಿಗಬಹುದು ಅನ್ನುವ ಆಸೆ ನನಗಿದೆ.

ನಾವಿರುವುದು ಬೆಂಗಳೂರಿನ ದಾಸರಹಳ್ಳಿಯಲ್ಲಿ. ನನ್ನ ಕೆಲಸ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ. ಬೆಳಿಗ್ಗೆ 8.30ಕ್ಕೆ ಶುರು, ಸಂಜೆ 5.30ಕ್ಕೆ ಬಿಡುತ್ತಾರೆ. ಓಟಿ ಇದ್ದರೆ 7.30. ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲೇ ಆಗುತ್ತದೆ. ಹೆಂಡತಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅವಳಿಗೆ ಮೂರು ಶಿಫ್ಟ್. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ಇಲ್ಲವೇ ರಾತ್ರಿ 8ರಿಂದ ಬೆಳಿಗ್ಗೆ 8. ವಾರ ವಾರಕ್ಕೆ ಬದಲಾಗುತ್ತದೆ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು.

ಆಗಸ್ಟ್ ತಿಂಗಳ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. ಮಗ ಓಡಿ ಬಂದು ಕೇಳಿದ: "ಅಪ್ಪ, ಇವತ್ತು ಅಮ್ಮಂದು ಸೆಕೆಂಡ್ ಶಿಫ್ಟಾ? ಹಾಗಾದ್ರೆ ಇವತ್ತು ಆರ್ಡರ್ ಅಲ್ವಾ?" ಅವನು ಖುಷಿಯಿಂದಲೇ ಕೇಳಿದ್ದ. ನನಗೆ ಮಾತ್ರ ಆ ಮಾತು ಚುಚ್ಚಿತು. ಅಮ್ಮ ಮನೆಯಲ್ಲಿದ್ದರೆ ಊಟ, ಇಲ್ಲದಿದ್ದರೆ ಪ್ಯಾಕೆಟ್. ಎಂಟು ವರ್ಷದ ಹುಡುಗನ ಲೆಕ್ಕದಲ್ಲಿ ಅಪ್ಪ ಅಡುಗೆ ಮಾಡುವವನೇ ಅಲ್ಲ. ಆ ತಿಂಗಳು ಹೊರಗಿನ ಊಟಕ್ಕೆ 6,400 ರೂಪಾಯಿ ಹೋಗಿತ್ತು. ಅದಕ್ಕಿಂತ ಮಗನ ಮಾತೇ ನನ್ನ ತಲೆಯಲ್ಲಿ ಉಳಿಯಿತು.

ಮೊದಲ ವಾರ ಬರೀ ಬರೆದದ್ದು

ಸೆಪ್ಟೆಂಬರ್ ಮೊದಲ ವಾರ ಏನನ್ನೂ ಬದಲಿಸಲಿಲ್ಲ. ಬೆಳಗಿನ ತಿಂಡಿ, ಮಕ್ಕಳ ಡಬ್ಬಿ, ರಾತ್ರಿ ಊಟ, ದಿನಕ್ಕೆ ಈ ಮೂರು. ವಾರಕ್ಕೆ 21. ಮನೆಯಲ್ಲಿ ಬೇಯಿಸಿದ್ದು ಯಾವುದು, ಬೇಯಿಸದಿದ್ದರೆ ಯಾಕೆ ಅಂತ ಬರೆಯುತ್ತಾ ಹೋದೆ. ಬ್ರೆಡ್ಡು ಜಾಮು, ಬೇಕರಿ ಬನ್ನು ಇವನ್ನು ಮನೆಯ ಅಡುಗೆ ಅಂತ ಎಣಿಸಲಿಲ್ಲ.

21ರಲ್ಲಿ ಮನೆಯಲ್ಲಿ ಬೇಯಿಸಿದ್ದು 10. ಉಳಿದ 11ರ ಕಾರಣ ಓದಿದಾಗ ನನಗೆ ಆಶ್ಚರ್ಯವಾಯಿತು. ನಿಜವಾಗಿ ಟೈಮ್ ಇಲ್ಲದೆ ಹೋದದ್ದು 3 ಸಲ ಮಾತ್ರ. ಬೇಕಾದ ಸಾಮಾನು ಮನೆಯಲ್ಲಿ ಇಲ್ಲದ್ದು 2 ಸಲ. ಬಾಕಿ 6 ಸಲವೂ ನಾನು ಬರೆದದ್ದು ಒಂದೇ: "ಏನು ಮಾಡೋದು ಅಂತ ಗೊತ್ತಾಗಲಿಲ್ಲ."

ಒಂದು ರಾತ್ರಿಯ ಲೆಕ್ಕವಂತೂ ಕಣ್ಣು ತೆರೆಸಿತು. 7.20ಕ್ಕೆ ಫೋನ್ ತೆಗೆದೆವು. ಮಗಳಿಗೊಂದು ಬೇಕು, ಮಗನಿಗೊಂದು ಬೇಕು. ಆರಿಸಿ ಮುಗಿಸುವಾಗ 7.40. ಊಟ ಬಂದು ಬಾಯಿಗೆ ತುತ್ತು ಹೋದಾಗ 8.25. ಒಂದು ಗಂಟೆ ಐದು ನಿಮಿಷ! ಉಪ್ಪಿಟ್ಟಿಗೆ ಇಪ್ಪತ್ತು ನಿಮಿಷ ಸಾಕು. ಅನ್ನಕ್ಕಿಟ್ಟು, ಕುಕ್ಕರ್ ಕೂಗುವಷ್ಟರಲ್ಲಿ ಟೊಮೆಟೊ ಗೊಜ್ಜು ಮಾಡಿದ್ದರೂ ಅರ್ಧ ಗಂಟೆ. ಸಮಯ ಇತ್ತು. ಹಸಿದ ಹೊತ್ತಿನಲ್ಲಿ, ದಣಿದ ತಲೆಯಲ್ಲಿ, ಇಂಥದ್ದು ಮಾಡೋಣ ಅಂತ ತೀರ್ಮಾನ ಮಾಡುವ ಶಕ್ತಿ ಇರಲಿಲ್ಲ.

ಇದು ಗೊತ್ತಾದ ಮೇಲೂ ನಾನು ಮಾಡಿದ ಮೊದಲ ಪ್ರಯತ್ನ ತಪ್ಪು ದಾರಿಯದ್ದು.

ಭಾನುವಾರದ ದೊಡ್ಡ ಅಡುಗೆ

ವಾರದ ಅಡುಗೆಯನ್ನೆಲ್ಲ ಭಾನುವಾರವೇ ಮಾಡಿ ಫ್ರಿಜ್ಜಿನಲ್ಲಿ ಇಡುವುದನ್ನು ತೋರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಾನೂ ನೋಡಿದೆ. ಎರಡನೇ ವಾರದ ಭಾನುವಾರ ಬೆಳಿಗ್ಗೆ 9ಕ್ಕೆ ಶುರು ಮಾಡಿದೆ. ದೊಡ್ಡ ಪಾತ್ರೆ ತುಂಬ ತರಕಾರಿ ಹುಳಿ, ಬೀನ್ಸ್ ಪಲ್ಯ, ಹೆಸರುಕಾಳು ಉಸಲಿ, ಈರುಳ್ಳಿ ಟೊಮೆಟೊ ಮಸಾಲೆ, ಚಪಾತಿ ಹಿಟ್ಟು. ಮುಗಿದಾಗ ಮಧ್ಯಾಹ್ನ 1.30. ಇದ್ದ ಒಂದು ರಜೆಯ ಅರ್ಧ ದಿನ ಒಲೆ ಮುಂದೆ ಹೋಯಿತು. ಮಕ್ಕಳು ಪಾರ್ಕಿಗೆ ಹೋಗೋಣ ಅಂತ ಎರಡು ಸಲ ಬಂದು ಕೇಳಿ ಸುಮ್ಮನಾದರು.

ಬಿಸಿ ಪಾತ್ರೆ ಫ್ರಿಜ್ಜಿಗೆ ಇಡಬಾರದು ಅಂತ ಹುಳಿಯನ್ನು ಒಲೆಯ ಮೇಲೇ ಬಿಟ್ಟೆ. ಸಂಜೆ 5ಕ್ಕೆ ಒಳಗಿಟ್ಟೆ. ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ಕೇಳಿ ಬೆಚ್ಚಿದಳು. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಇದೂ ಒಂದು. ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗಿರಬೇಕು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಕೆಡಿಸುವ ಬ್ಯಾಕ್ಟೀರಿಯಾಗೆ ಬೇಕಾಗಿರುವುದೂ ಅದೇ. ಅಗಲವಾದ ಸಣ್ಣ ಡಬ್ಬಿಗಳಿಗೆ ಹಂಚಿದರೆ ಬೇಗ ಆರುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇದನ್ನೆಲ್ಲ ಅವಳು ಜಗಳವಾಡದೆ, ಕೂರಿಸಿಕೊಂಡು ಹೇಳಿದಳು.

ಸೋಮವಾರ ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ ಹೋದದ್ದು ರಾತ್ರಿ ಬಂತು. ನಮ್ಮದು ಚಿಕ್ಕ ಫ್ರಿಜ್ಜು, ತುಂಬಿ ತುಳುಕುತ್ತಿತ್ತು. ಮಂಗಳವಾರ ಹುಳಿ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಪಲ್ಯವನ್ನು ಮೂರನೇ ದಿನ ಮಕ್ಕಳು ಮುಟ್ಟಲಿಲ್ಲ. ಅರ್ಧಕ್ಕರ್ಧ ಎಸೆದೆವು. ಊರಲ್ಲಿ ಅನ್ನ ಚೆಲ್ಲಿದರೆ ಅಮ್ಮ ಎಷ್ಟು ನೊಂದುಕೊಳ್ಳುತ್ತಿದ್ದರು ಅನ್ನುವುದು ನೆನಪಾಗಿ, ಆ ಪಾತ್ರೆ ತೊಳೆಯುವಾಗ ನನಗೆ ತುಂಬಾ ಬೇಜಾರಾಯಿತು.

ಒಂದು ಮಾತು ಸೇರಿಸುತ್ತೇನೆ. ಈ ಪದ್ಧತಿ ಕೆಲವರಿಗೆ ಚೆನ್ನಾಗಿ ಒಗ್ಗಿದೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಊಟ ಅಂದರೆ ಬಿಸಿ ಸಾರು, ಬಿಸಿ ಮುದ್ದೆ. ಗುರುವಾರ ತಿನ್ನುವ ಭಾನುವಾರದ ಪಲ್ಯ ನಮ್ಮ ನಾಲಿಗೆಗೆ ಊಟ ಅನ್ನಿಸುವುದಿಲ್ಲ.

ಅಮ್ಮ ಬಂದರು

ದಸರಾ ರಜೆಗೆ ಅಮ್ಮ ತಿಪಟೂರು ಕಡೆಯ ನಮ್ಮೂರಿಂದ ಬಂದರು. ರಾಗಿ ಕೊಯ್ಲಿಗೆ ಇನ್ನೂ ಸಮಯವಿತ್ತು, ಹಾಗಾಗಿ ಹದಿನೈದು ದಿನ ಇದ್ದರು. ಅಮ್ಮ ಇರುವಷ್ಟು ದಿನ ಅಡುಗೆ ಅವರದ್ದೇ ಅಂತ ನಾವು ಅಂದುಕೊಂಡಿದ್ದೆವು. ನೋಟ್‌ಬುಕ್ಕಿನ ಕಥೆ ಕೇಳಿದ ಅಮ್ಮ ಅದಕ್ಕೆ ಒಪ್ಪಲಿಲ್ಲ.

"ನಾನು ಮಾಡಿಟ್ಟು ಹೋದ್ರೆ ನಾಳಿದ್ದಿಂದ ಮತ್ತೆ ಅದೇ ಕಥೆ. ನೀನು ಮಾಡು, ನಾನು ಕೂತ್ಕೊಂಡು ನೋಡ್ತೀನಿ" ಅಂದರು. ಭಾನುವಾರದ ಅಡುಗೆಯ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಡುಗೆ ಮಾಡಿಟ್ಕೋಬೇಡ ಕಣಪ್ಪ. ಅಡುಗೆಗೆ ಬೇಕಾದ್ದು ಮಾಡಿಟ್ಕೊ."

ಆಮೇಲೆ ತಮ್ಮ ದಿನಗಳನ್ನು ನೆನಪಿಸಿಕೊಂಡರು. ಬೆಳಿಗ್ಗೆ ಹೊಲಕ್ಕೆ ಹೋದರೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಸೌದೆ ಒಲೆ. ಮನೆಯಲ್ಲಿ ಎಂಟು ಜನ. "ಹೊಲದಿಂದ ಬಂದು ಒಲೆ ಮುಂದೆ ಏನು ಮಾಡ್ಲಿ ಅಂತ ಯೋಚನೆ ಮಾಡ್ತಾ ಕೂತಿದ್ರೆ ನಿಮಗೆಲ್ಲ ಯಾರು ಇಕ್ತಿದ್ರು? ರಾತ್ರಿ ಕಾಳು ನೆನೆಹಾಕಿದ್ರೆ ನಾಳೆ ಸಾರು ಆದಂಗೇ ಲೆಕ್ಕ."

ಆ ಮಾತು ಕೇಳಿ ನಾನು ನೋಟ್‌ಬುಕ್ಕು ತೆಗೆದು ಮೊದಲ ವಾರದ ಪುಟ ನೋಡಿದೆ. ಆರು ಸಲ "ಗೊತ್ತಾಗಲಿಲ್ಲ" ಅಂತ ಬರೆದಿದ್ದಕ್ಕೆ ಉತ್ತರ ಅದರಲ್ಲಿತ್ತು. ಕಾಳು ನೆನೆಹಾಕುವುದು ಬರೀ ಕಾಳು ಮೆತ್ತಗಾಗಲಿ ಅಂತಲ್ಲ. ಅದು ನಾಳೆಯ ತೀರ್ಮಾನ. ಹೊಟ್ಟೆ ತುಂಬಿದ ಮೇಲೆ, ಪಾತ್ರೆ ತೊಳೆದಾದ ಮೇಲೆ, ತಲೆ ಶಾಂತವಾಗಿರುವಾಗ ತೆಗೆದುಕೊಂಡ ತೀರ್ಮಾನ. ಮಾರನೇ ದಿನ ಸಂಜೆ ಬಾಗಿಲು ತೆಗೆದಾಗ ಅಡುಗೆಮನೆ ಕಟ್ಟೆಯ ಮೇಲೆ ಹುರುಳಿಕಾಳು ಉಬ್ಬಿ ಕೂತಿದ್ದರೆ ಇನ್ನು ಯೋಚನೆಗೆ ಜಾಗವಿಲ್ಲ. ಅದನ್ನು ಬೇಯಿಸಲೇಬೇಕು.

ಅವತ್ತಿನಿಂದ ರಾತ್ರಿ ಮಲಗುವ ಮುಂಚೆ ಒಂದು ಬಟ್ಟಲು ನೆನೆಹಾಕುವುದು ನಮ್ಮ ಮನೆಯ ಪದ್ಧತಿಯಾಯಿತು. ಹುರುಳಿಕಾಳು, ಕಡಲೆಕಾಳಿಗೆ ರಾತ್ರಿಯಿಡೀ ಬೇಕು. ಅಲಸಂದೆ, ಹೆಸರುಕಾಳನ್ನು ಬೆಳಿಗ್ಗೆ ಹಾಕಿದರೂ ಸಂಜೆಗೆ ಸರಿಯಾಗುತ್ತದೆ. ಬೆಳಿಗ್ಗೆ ಹೊರಡುವಾಗ ನೀರು ಬಸಿದು ಫ್ರಿಜ್ಜಿನಲ್ಲಿಟ್ಟರೆ ಸೆಖೆಯ ದಿನವೂ ಕೆಡುವುದಿಲ್ಲ. ಬಸಿದ ಕಾಳನ್ನು ಫ್ರಿಜ್ಜಿಗೆ ಹಾಕದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಆಗ ಅದು ಮೊಳಕೆಕಾಳು ಸಾರು. ಅಷ್ಟೇ.

ಇಟ್ಟುಕೊಳ್ಳುವ ಸಾಮಾನಿನಲ್ಲಿ ಅಮ್ಮ ಮೊದಲು ಹೇಳಿದ್ದು ಉಪ್ಸಾರಿನ ಖಾರ. ಒಣಮೆಣಸಿನಕಾಯಿ ಹುರಿದು, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಕಾಳು, ಸೊಪ್ಪು ಉಪ್ಪು ಹಾಕಿ ಬೇಯಿಸಿ ಬಸಿದರೆ ಸಿಗುವ ನೀರು, ಅಂದರೆ ಕಟ್ಟು, ಅದೇ ಉಪ್ಸಾರು. ಬಿಸಿ ಮುದ್ದೆ ಪಕ್ಕ ಕಟ್ಟು ಬಡಿಸಿಕೊಂಡು, ಬೇಕಾದಷ್ಟು ಖಾರ ಕಲಸಿಕೊಳ್ಳುವುದು. ಮಗನಿಗೆ ಚಿಟಿಕೆ, ನನಗೆ ಒಂದು ಚಮಚ. ಒಂದೇ ಅಡುಗೆ ಎಲ್ಲರ ನಾಲಿಗೆಗೂ ಹೊಂದುತ್ತದೆ. ಸಾರಿನ ಪುಡಿ ಅಮ್ಮನೇ ಮಿಲ್ಲಿನಲ್ಲಿ ಮಾಡಿಸಿಕೊಟ್ಟು ಹೋದರು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಊರ ತೆಂಗಿನಕಾಯಿ ಮೂರು ಒಟ್ಟಿಗೆ ತುರಿದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕುತ್ತೇವೆ. ವಾರಕ್ಕೆ ಎರಡು ಸಲ ದೋಸೆ ಹಿಟ್ಟು. ಇಷ್ಟಕ್ಕೆಲ್ಲ ಭಾನುವಾರ ಒಂದು ಗಂಟೆ ಸಾಕಾಗುತ್ತದೆ.

ನಿಜವಾಗಿ ಸಮಯ ತಿನ್ನುವುದು ಸೊಪ್ಪು. ಒಂದು ಕಟ್ಟು ಕೀರೆ ಸೊಪ್ಪು ಬಿಡಿಸಲು ಇಪ್ಪತ್ತೈದು ನಿಮಿಷ ಬೇಕು. ಒಲೆ ಹಚ್ಚುವ ಹೊತ್ತಿಗೆ ಅದನ್ನು ಹಿಡಿದರೆ ಅವತ್ತಿನ ಅಡುಗೆ ಕೆಟ್ಟಂತೆಯೇ. ಈಗ ಮಂಗಳವಾರ, ಶನಿವಾರ ಬರುವಾಗ ಸೊಪ್ಪು ತರುತ್ತೇನೆ. ಊಟವಾದ ಮೇಲೆ ನಾಲ್ಕೂ ಜನ ಟಿವಿ ಮುಂದೆ ಪೇಪರ್ ಹಾಸಿ ಕೂತು ಬಿಡಿಸುತ್ತೇವೆ. ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ನೀರು ತಾಗಿದರೆ ಬೇಗ ಕೊಳೆಯುತ್ತದೆ. ಬೇಯಿಸುವ ಮುಂಚೆ ಎರಡು ಮೂರು ನೀರಿನಲ್ಲಿ ತೊಳೆದರಾಯಿತು. ಮಗಳು ಶಾಲೆಯ ಕಥೆಗಳನ್ನು ನಮಗೆ ಹೇಳಲು ಶುರು ಮಾಡಿದ್ದು ಈ ಸೊಪ್ಪು ಬಿಡಿಸುವ ಹೊತ್ತಿನಲ್ಲಿ.

ಬಸ್ಸಾರಿನ ಲೆಕ್ಕ

ಈ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಬಸ್ಸಾರು. ಬೆಂಗಳೂರು, ತುಮಕೂರು, ಮಂಡ್ಯ, ಹಾಸನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೂ ಗಡಿಯಾರ ಹಿಡಿದು ನೋಡಿದಾಗಲೇ ನನಗೆ ಇದರ ಜಾಣತನ ಅರ್ಥವಾದದ್ದು.

ನೆನೆದ ಅಲಸಂದೆಯನ್ನು ಕುಕ್ಕರಿನಲ್ಲಿ ಮೂರು ಕೂಗು ಕೂಗಿಸುವುದು. ಪ್ರೆಶರ್ ಇಳಿದ ಮೇಲೆ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ ಬಸಿಯುವುದು. ಬಸಿದ ನೀರು ಸಾರಿಗೆ, ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಕುಕ್ಕರ್ ಕೂಗುತ್ತಿರುವಾಗಲೇ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕಾಯಿ, ಸಾರಿನ ಪುಡಿ, ಹುಣಸೆಹಣ್ಣು ಮಿಕ್ಸಿಗೆ ಹಾಕಿಟ್ಟಿರುವುದು. ಕಾಳು ಬೆಂದ ಮೇಲೆ ಅದರಲ್ಲೇ ಒಂದು ಸೌಟು ಸೇರಿಸಿ ರುಬ್ಬಿ, ಬಸಿದ ನೀರಿಗೆ ಬೆರೆಸಿ ಕುದಿಸುವುದು. ಹುಣಸೆಹುಳಿಯನ್ನು ಕಾಳಿನ ಜೊತೆ ಮೊದಲೇ ಹಾಕಬಾರದು, ಹುಳಿ ಬಿದ್ದರೆ ಕಾಳು ಬೇಯಲು ಸತಾಯಿಸುತ್ತದೆ. ಇನ್ನೊಂದು ಒಲೆಯಲ್ಲಿ ಒಗ್ಗರಣೆ ಹಾಕಿ, ಬಸಿದ ಕಾಳು ಸೊಪ್ಪು ಹಾಕಿ, ಮೇಲೆ ಕಾಯಿತುರಿ.

ಕಾಳು ನೆನೆದು, ಸೊಪ್ಪು ಬಿಡಿಸಿದ್ದರೆ 35 ನಿಮಿಷ. ಕಾಳು ಬೆಂದದ್ದು ಒಂದೇ ಸಲ, ಆದದ್ದು ಎರಡು ಪದಾರ್ಥ. ಪಲ್ಯದಲ್ಲಿ ಸ್ವಲ್ಪವನ್ನು ತಕ್ಷಣ ಆರಿಸಿ ಫ್ರಿಜ್ಜಿಗೆ ಹಾಕಿದರೆ ಮಾರನೇ ದಿನದ ಡಬ್ಬಿಗೆ ಚಪಾತಿಯ ಜೊತೆ ಅದೇ ಸಾಕು. ಸಾರು ಮಾರನೇ ದಿನ ಕುದಿಸಿದಾಗ ರುಚಿ ಇನ್ನೂ ಏರಿರುತ್ತದೆ. ಹೊಲದ ಕೆಲಸ, ಮನೆ ಕೆಲಸ ಎರಡನ್ನೂ ಹೊತ್ತ ಹೆಂಗಸರು ಸೌದೆ, ನೀರು, ಸಮಯ ಮೂರನ್ನೂ ಉಳಿಸಿಕೊಂಡು ಮಾಡಿದ ಅಡುಗೆ ಇದು. ನಾನು ಮೂವತ್ತು ವರ್ಷ ತಿಂದಿದ್ದೆ, ಹೀಗೆ ಯೋಚಿಸಿರಲಿಲ್ಲ.

ಮುದ್ದೆ ಮಾತ್ರ ಕೈಗೆ ಬರಲು ಎರಡು ವಾರ ಹಿಡಿಯಿತು. ಮೊದಲಿಗೆ ಗಂಟು ಗಂಟಾಗುತ್ತಿತ್ತು. ಎಸರು ಚೆನ್ನಾಗಿ ಕುದಿಯುವ ಮುಂಚೆ ಹಿಟ್ಟು ಹಾಕುತ್ತಿದ್ದೆ, ಹಾಕಿದ ಕೂಡಲೇ ತಿರುವುತ್ತಿದ್ದೆ. "ಹಿಟ್ಟನ್ನ ಬೇಯಕ್ಕೆ ಬಿಡು, ಅವಸರ ಯಾಕೆ" ಅಂತ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಂದ ಮೇಲೆ ಕೋಲು ಹಾಕಿ ತಿರುವಬೇಕು. ಈಗ ಹದಿನೈದು ನಿಮಿಷದಲ್ಲಿ ನಾಲ್ಕು ಮುದ್ದೆ ಆಗುತ್ತದೆ, ಸಾರು ಕುದಿಯುವಷ್ಟರಲ್ಲಿ.

ಐದನೇ ವಾರದ ಮಾತು

ಅಮ್ಮ ಇನ್ನೂ ಇದ್ದರು. ಹೆಂಡತಿಗೆ ಸೆಕೆಂಡ್ ಶಿಫ್ಟ್ ನಡೆಯುತ್ತಿತ್ತು. ವಾರದಲ್ಲಿ ಐದು ರಾತ್ರಿ ನಾನೇ ಅಡುಗೆ ಮಾಡಿದ್ದೆ. ಶನಿವಾರ ರಾತ್ರಿ ಅವಳಿಗೆ ಬಡಿಸುವಾಗ ಅವಳು ಮೆತ್ತಗೆ ಹೇಳಿದಳು: "ರೀ, ಅಡುಗೆ ನೀವೇ ಮಾಡ್ತಿದ್ದೀರಿ, ನಿಜ. ಆದ್ರೆ ಏನು ನೆನೆಹಾಕ್ಲಿ, ಯಾವ ಸೊಪ್ಪು ತರ್ಲಿ, ಉಪ್ಪು ಎಷ್ಟು ಅಂತ ದಿನಾ ನನಗೇ ಫೋನ್ ಮಾಡ್ತೀರಲ್ಲ. ವಾರ್ಡಲ್ಲಿ ಪೇಷಂಟ್ ನೋಡ್ಲಾ, ನಿಮ್ಮ ಸಾರು ನೋಡ್ಲಾ?"

ಫೋನ್ ತೆಗೆದು ನೋಡಿದೆ. ಆ ವಾರ ಅಡುಗೆಗಾಗಿಯೇ ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದ್ದೆ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಆ 88ನ್ನು ನಾನು ದಾಟಿದ್ದೇನೆ ಅಂತ ಮನಸ್ಸಿನಲ್ಲಿ ಸಮಾಧಾನವಿತ್ತು. ಅವಳ ಮಾತು ಕೇಳಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ನನ್ನ ಕೈ ಕೆಲಸ ಮಾಡುತ್ತಿತ್ತು, ತಲೆ ಅವಳದ್ದೇ ಕೆಲಸ ಮಾಡುತ್ತಿತ್ತು. ಮನೆಯಲ್ಲಿ ಎಣ್ಣೆ ಎಷ್ಟಿದೆ, ಬೇಳೆ ಯಾವಾಗ ಮುಗಿಯುತ್ತದೆ, ಮಗಳಿಗೆ ಯಾವ ಪಲ್ಯ ಸೇರುವುದಿಲ್ಲ ಅನ್ನುವುದೆಲ್ಲ ಅವಳ ತಲೆಯಲ್ಲಿತ್ತು. ಅದು ನಿಮಿಷದ ಲೆಕ್ಕಕ್ಕೆ ಸಿಗುವುದಿಲ್ಲ. ಅಡುಗೆಗೆ ಸಮಯವಿಲ್ಲ ಅಂತ ಅವಳು ಅನ್ನುತ್ತಿದ್ದಾಗ ಅವಳು ಹೇಳುತ್ತಿದ್ದದ್ದು ಈ ಭಾರದ ಬಗ್ಗೆಯೂ ಹೌದು ಅಂತ ನನಗೆ ಅವತ್ತು ತಿಳಿಯಿತು.

ಆರನೇ ವಾರದಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಯಾವ ಶಿಫ್ಟ್, ಅಡುಗೆ ಯಾರದ್ದು, ಇವತ್ತು ರಾತ್ರಿ ನೆನೆಯುವುದು ಏನು. ಯಾರು ಅಡುಗೆ ಮಾಡುತ್ತಾರೋ ಅವರದ್ದೇ ತೀರ್ಮಾನ, ಅವರದ್ದೇ ಸಾಮಾನು ಚೀಟಿ. ಡ್ಯೂಟಿಯಲ್ಲಿರುವವರಿಗೆ ಅಡುಗೆಗೆ ಫೋನ್ ಮಾಡುವಂತಿಲ್ಲ. ಮೊದಲ ದಿನವೇ ಹುರುಳಿಕಾಳನ್ನು ಮೂರೇ ಕೂಗಿಗೆ ಇಳಿಸಿ, ಎಲ್ಲರೂ ಗಟ್ಟಿ ಕಾಳು ಅಗಿದೆವು. ಫೋನ್ ಮಾಡಲಿಲ್ಲ. ಮಾರನೇ ಸಲ ಆರು ಕೂಗಿಸಿದೆ. ಹಾಳೆಯ ಪಕ್ಕದಲ್ಲಿ "ಹುರುಳಿ 6" ಅಂತ ಬರೆದೆ. ಆಮೇಲೆ ಮಗಳು ಅದರ ಕೆಳಗೆ "ಅಲಸಂದೆ 3, ಬೇಳೆ 4" ಅಂತ ಸೇರಿಸಿದಳು. ಅನ್ನಕ್ಕೆ ಅಕ್ಕಿ ತೊಳೆದಿಡುವುದು ಅವಳ ಕೆಲಸ. ಬೆಳ್ಳುಳ್ಳಿ ಬಿಡಿಸುವುದು, ತಟ್ಟೆ ಹಾಕುವುದು ಮಗನದ್ದು.

ಹನ್ನೆರಡನೇ ವಾರ

ನವೆಂಬರ್ ಕೊನೆಯ ವಾರ ಮತ್ತೆ ಪೂರ್ತಿ ಲೆಕ್ಕ ಬರೆದೆ. 21ರಲ್ಲಿ 17 ಮನೆಯ ಅಡುಗೆ. ಆ ತಿಂಗಳು ಹೊರಗಿನ ಊಟದ ಖರ್ಚು 1,700 ರೂಪಾಯಿ, ಅದರಲ್ಲಿ ಮಗಳ ಹುಟ್ಟುಹಬ್ಬದ ಊಟವೂ ಸೇರಿದೆ.

ಅಡುಗೆಮನೆಯಲ್ಲಿ ಕಳೆದ ಸಮಯವನ್ನೂ ಎರಡು ವಾರ ಬರೆದಿದ್ದೆ. ಮೊದಲ ವಾರ ಹೆಂಡತಿ 14 ಗಂಟೆ, ನಾನು 2. ಒಟ್ಟು 16. ಕೊನೆಯ ವಾರ ಅವಳು 8, ನಾನು 7. ಒಟ್ಟು 15. ಏಳು ಊಟ ಜಾಸ್ತಿ ಮಾಡಿಯೂ ಸಮಯ ಒಂದು ಗಂಟೆ ಕಡಿಮೆ! ಮಕ್ಕಳ ಕೈಗೆಲಸ ಇದರಲ್ಲಿ ಸೇರಿಲ್ಲ, ಅದನ್ನೂ ಹೇಳಬೇಕು. ಮೊದಲೆಲ್ಲ ಕೊತ್ತಂಬರಿ ಇಲ್ಲ ಅಂತ ಅಂಗಡಿಗೆ ಓಡುವುದು, ಒಂದು ಹಿಡಿ ಕಾಯಿಗೆ ತುರಿಯುವ ಮಣೆ ತೆಗೆದು ತೊಳೆಯುವುದು, ಬಾಗಿಲು ತೆರೆದ ಫ್ರಿಜ್ಜಿನ ಮುಂದೆ ನಿಲ್ಲುವುದು, ಇದರಲ್ಲೇ ಎಷ್ಟೋ ಹೊತ್ತು ಹೋಗುತ್ತಿತ್ತು.

ಎಲ್ಲ ಸರಿಹೋಗಿಲ್ಲ. ಓಟಿ ಇರುವ ದಿನ ಈಗಲೂ ಅವಲಕ್ಕಿಗೆ ಒಗ್ಗರಣೆ ಹಾಕಿ, ಮೊಸರು ಕಲಸಿ ಮುಗಿಸುತ್ತೇವೆ. ನಾನು ಅದನ್ನು ಸೋಲು ಅಂತ ಬರೆಯುವುದಿಲ್ಲ, ಅದೂ ಮನೆಯ ಊಟವೇ. ಮಕ್ಕಳ ಡಬ್ಬಿಯಲ್ಲಿ ಚಪಾತಿ ಪಲ್ಯ ಜಾಸ್ತಿಯಾಗಿದೆ ಅಂತ ಮಗಳ ದೂರು ಇದೆ. ಅವರೆಕಾಯಿ ಬರುತ್ತಿದೆ, ಒಂದೆರಡು ತಿಂಗಳು ಅವರೆಕಾಳು ಉಪ್ಪಿಟ್ಟು, ಅವರೆಕಾಳು ಸಾರಿನಲ್ಲಿ ಆ ದೂರು ಸ್ವಲ್ಪ ಇಳಿಯಬಹುದು.

ಕಷ್ಟವಾಗಿ ಉಳಿದಿರುವುದು ಅವಳ ನೈಟ್ ಡ್ಯೂಟಿ ವಾರ. ಬೆಳಿಗ್ಗೆ ಅವಳು 8.45ಕ್ಕೆ ಮನೆಗೆ ಬರುವಾಗ ನಾವು ಮೂವರೂ ಹೊರಟಿರುತ್ತೇವೆ. ಹನ್ನೆರಡು ಗಂಟೆ ನಿಂತು ಬಂದವಳಿಗೆ ಹಾಟ್‌ಬಾಕ್ಸಿನಲ್ಲಿ ಬೆವರಿ ಮೆತ್ತಗಾದ ರೊಟ್ಟಿ. ಎರಡು ಸಲ ತಿನ್ನದೆ ಹಾಗೇ ಮಲಗಿದ್ದಳು. ಏನು ಮಾಡಿಡಲಿ ಅಂತ ಕೇಳಿದೆ. "ಮಾಡಿಡಬೇಡಿ. ರಾಗಿ ಹಿಟ್ಟು ಕಲಸಿ ಇಡಿ ಸಾಕು. ನಾನೇ ಬಂದು ಬಿಸಿಯಾಗಿ ಒಂದು ತಟ್ಕೋತೀನಿ" ಅಂದಳು. ಈರುಳ್ಳಿ ಸೇರಿಸಿ ಕಲಸಿದರೆ ನೀರು ಬಿಟ್ಟು ಹಿಟ್ಟು ಅಂಟುತ್ತದೆ. ಹಾಗಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಒಂದು ಡಬ್ಬಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಇನ್ನೊಂದು ಡಬ್ಬಿ. ಪಕ್ಕದಲ್ಲಿ ಕಾವಲಿ, ಎಣ್ಣೆ ಬಟ್ಟಲು. ಹೋದ ವಾರ ಆರು ದಿನವೂ ಎರಡೂ ಡಬ್ಬಿ ಖಾಲಿಯಾಗಿ, ತೊಳೆದು ಬೋರಲು ಹಾಕಿದ್ದವು.